ಗೀರಿಗೆ ಇಳಿದ ಮಸಾಲೆ

ಕಲ್ಲಡ್ಕ ಎಂದರೆ ಕೆ.ಟಿ. ಚಹಾ ಎನ್ನುವವರೇ ಹೆಚ್ಚು. ನನಗೆ ಇಲ್ಲಿನ ಹೆದ್ದಾರಿ ಬದಿಯ ಕುಚ್ಚಲಕ್ಕಿ ಊಟ, ಕಾಯಿಸಿದ ಬಂಗುಡೆಯೂ ಅಷ್ಟೇ ಮುಖ್ಯ. ಮೀನಿಗೆ ಓರೆಯಾಗಿ ಗೀರು ಹಾಕಿ, ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ, ಅರಸಿನ ನುಣ್ಣಗೆ ಅರೆದು ಬೆರಳಲ್ಲೇ ಒಳಗೆ ತುಂಬಬೇಕು. ಕಾದ ಕಾವಲಿಗೆ ತೆಂಗಿನೆಣ್ಣೆ. ಒಂದು ಮಗ್ಗುಲು ಗರಿಯಾಗುವ ತನಕ ಮಗುಚಲೇಬಾರದು. ಅವಸರಪಟ್ಟರೆ ಚರ್ಮ, ಮಸಾಲೆ ಎರಡೂ ಕಾವಲಿಯ ಪಾಲು. ಇಂಗ್ಲೆಂಡಿನ ಫಿಶ್ ಆ್ಯಂಡ್ ಚಿಪ್ಸ್‌ನಲ್ಲಿ ಕಾಡ್ ಮೀನು ಹಿಟ್ಟಿನ ಹೊದಿಕೆಯೊಳಗೆ ತನ್ನದೇ ಹಬೆಯಲ್ಲಿ ಬೇಯುತ್ತದೆ. ಚೆನ್ನಾಗಿ ಮಾಡಿದರೆ ಅದೂ ಸೊಗಸೇ. ಆದರೆ ಮುಳ್ಳಿನ ತನಕ ರುಚಿ ಇಳಿಯುವುದು ಬಂಗುಡೆಯಲ್ಲಿ. ತಾಜಾ ಮೀನಿಗೆ ಮಾತ್ರ ಕಾಲ ನೋಡಬೇಕು: ಜೂನ್, ಜುಲೈಯ 61 ದಿನ ಇಲ್ಲಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ನಿಷೇಧ ಮುಗಿದ ಮೇಲೆ ಬನ್ನಿ, ‘ಈಗಲೇ ಕಾಯಿಸಿ ಕೊಡಿ’ ಎಂದು ಕೇಳಿ ತಿನ್ನಿ.