ತಂಡವೆಂಬ ವಾಕ್ಯ: ಪದಶಃ ವ್ಯಾಖ್ಯಾನ

ಮೂಲ: ಆಟವನ್ನರಿತು, ಕೆಲಸವನ್ನು ಹಂಚಿ, ಯಂತ್ರವನ್ನು ಕಟ್ಟಿ, ತಪಾಸಣೆಗೆ ನಿಂತು, ಐವರನ್ನು ಕಣಕ್ಕೆ ಕಳುಹಿ, ಉಳಿದವರು ಕಣ್ಣಾಗಿ, ಎದುರಾಳಿಗೂ ನೆರವಾಗುವುದೇ ತಂಡ.

ಹೈಸ್ಕೂಲು ವಯಸ್ಸಿನ ಮಕ್ಕಳ ರೋಬೋಟಿಕ್ಸ್ ತಂಡವೊಂದು ಜನವರಿಯಿಂದ ಏಪ್ರಿಲ್‌ವರೆಗೆ ನಡೆಸುವ ಬಾಳನ್ನು ಒಂದೇ ವಾಕ್ಯದಲ್ಲಿ ಹಿಡಿದರೆ ಮೇಲಿನಂತಾಗುತ್ತದೆ. ಇಲ್ಲಿ ವಿವಕ್ಷಿತವಾದದ್ದು, ಅಂದರೆ ಹೇಳಹೊರಟಿರುವುದು, ಅಮೆರಿಕದಲ್ಲಿ ಹುಟ್ಟಿದ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಶನ್. ಫಸ್ಟ್ ಎಂಬ ಸಂಸ್ಥೆಯನ್ನು 1989ರಲ್ಲಿ ಸ್ಥಾಪಿಸಿದವರು ಆವಿಷ್ಕಾರಕ ಡೀನ್ ಕೇಮನ್. ಸ್ಪರ್ಧೆಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್. ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರಿನ ಒಂದು ಶಾಲೆಯ ಜಿಮ್ನಾಸಿಯಂನಲ್ಲಿ 28 ತಂಡಗಳ ನಡುವೆ ನಡೆಯಿತು. ಉದಾಹರಣೆ ಬೇಕಾದಲ್ಲೆಲ್ಲ 2024ರ ಆಟವನ್ನು ತೆಗೆದುಕೊಳ್ಳಲಾಗಿದೆ. ಆ ವರ್ಷದ ಆಟದ ಹೆಸರು ಕ್ರೆಸೆಂಡೋ.

'ಆಟವನ್ನರಿತು' ಎಂಬುದು ಮೊದಲ ಪದ. ಕಬಡ್ಡಿಯಂತೆ, ಕ್ರಿಕೆಟ್ಟಿನಂತೆ ಈ ಆಟ ಮೊದಲೇ ಗೊತ್ತಿರುವಂಥದ್ದಲ್ಲ. ಪ್ರತಿ ವರ್ಷ ಆಟವೇ ಹೊಸದು. ಜನವರಿಯ ಮೊದಲ ವಾರಗಳ ಒಂದು ಶನಿವಾರ ನಿಯಮಪುಸ್ತಕ ಎಲ್ಲ ತಂಡಗಳಿಗೂ ಒಂದೇ ಗಳಿಗೆಯಲ್ಲಿ ತೆರೆಯುತ್ತದೆ. 2024ರಲ್ಲಿ ಅದು ಜನವರಿ 6. ಅಲ್ಲಿಯವರೆಗೆ ಆಟದ ನಿಯಮ ಯಾವ ತಂಡಕ್ಕೂ ತಿಳಿಯದು. ಆ ವರ್ಷ ಮಕ್ಕಳ ಮುಂದೆ ಬಂದದ್ದು 14 ಅಂಗುಲ ಅಗಲದ ಕಿತ್ತಳೆ ಬಣ್ಣದ ಫೋಮ್ ಬಳೆ. ಅದನ್ನು ಎತ್ತರದ 'ಸ್ಪೀಕರ್' ಎಂಬ ಬಾಯಿಗೆ ಎಸೆಯಬೇಕು, ಇಲ್ಲವೇ ತಗ್ಗಿನ 'ಆಂಪ್' ಎಂಬ ಸೀಳಿನೊಳಗೆ ಜಾರಿಸಬೇಕು. ಕೊನೆಗೆ ಯಂತ್ರವು ನಡುವೇದಿಕೆಯ ಸರಪಳಿಗೆ ಜೋತುಬೀಳಬೇಕು. (ನಮ್ಮ ಓದುಗರಿಗೆ ಹತ್ತಿರದ ನಿದರ್ಶನವೂ ಒಂದಿದೆ: ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬೇರೊಂದು ಸ್ಪರ್ಧೆಯಾದ ಏಷ್ಯಾ-ಪೆಸಿಫಿಕ್ ರೋಬೋಕಾನ್‌ಗೆ 2022ರಲ್ಲಿ ದೆಹಲಿ ಆತಿಥ್ಯ ವಹಿಸಿದಾಗ, ಯಂತ್ರಗಳು ಆಡಬೇಕಾದ ಆಟ ಲಗೋರಿಯೇ ಆಗಿತ್ತು.)

ಇಲ್ಲಿ 'ಅರಿತು' ಎಂದರೆ 'ಓದಿ' ಎಂದಷ್ಟೇ ಅಲ್ಲ. ಓದಿದ ಮೇಲೆ ಯಾವುದನ್ನು ಬಿಡಬೇಕೆಂದು ನಿಶ್ಚಯಿಸುವುದೇ ಅರಿವು. ಮನುಷ್ಯರು ಯಂತ್ರ ಓಡಿಸುವ ಹೊತ್ತಿನಲ್ಲಿ ಎತ್ತರದ ಬಾಯಿಗೆ ಬಿದ್ದ ಬಳೆಗೆ 2 ಅಂಕ, ತಗ್ಗಿನ ಸೀಳಿಗೆ 1. ಇಷ್ಟನ್ನೇ ನೋಡಿದರೆ ಸೀಳಿನ ಗೊಡವೆಯೇ ಬೇಡವೆನಿಸುತ್ತದೆ. ಆದರೆ ಸೀಳಿಗೆ ಎರಡು ಬಳೆ ಬಿದ್ದ ಮೇಲೆ ಒಂದು ಗುಂಡಿಯನ್ನು ಒತ್ತಿದರೆ, ಹತ್ತು ಸೆಕೆಂಡಿನೊಳಗೆ ಎತ್ತರದ ಬಾಯಿ ಸೇರುವ ಬಳೆಗಳಲ್ಲಿ ನಾಲ್ಕರವರೆಗೆ ಒಂದೊಂದಕ್ಕೂ 5 ಅಂಕ. ಕಿರಿದು ಹಿರಿದಕ್ಕೆ ದಾರಿಯಾಗುವ ಈ ಒಳಗುಟ್ಟನ್ನು ಮೊದಲ ಶನಿವಾರವೇ ಕಂಡ ತಂಡದ ಯಂತ್ರ ಒಂದು ಬಗೆ, ಕಾಣದ ತಂಡದ್ದು ಇನ್ನೊಂದು ಬಗೆ. ಎತ್ತರದ ಯಂತ್ರ ಕಟ್ಟಬೇಕೋ, ನಡುವೇದಿಕೆಯ ಅಡಿಯಲ್ಲೇ ನುಸುಳುವ ಗಿಡ್ಡ ಯಂತ್ರವೋ? ಎರಡರ ಗುಣವೂ ಒಂದರಲ್ಲೇ ಸುಲಭವಾಗಿ ಸಿಗದು. ಆದುದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ನಿಯಮಪುಸ್ತಕ ಹಿಡಿಯುವವರು ತಂಡದ ಮೊದಲ ಅಧಿಕಾರಿಗಳು. ಋತುವಿನ ನಡುವೆಯೂ ಸಂಘಟಕರು ತಿದ್ದುಪಡಿಗಳನ್ನು ಹೊರಡಿಸುತ್ತಿರುವುದರಿಂದ ಈ ಓದು ಒಂದು ದಿನದಲ್ಲಿ ಮುಗಿಯುವುದೂ ಇಲ್ಲ.

'ಕೆಲಸವನ್ನು ಹಂಚಿ' ಎಂಬಲ್ಲಿ ಹಂಚಿಕೆಯ ರೀತಿಯನ್ನು ತಿಳಿಯಬೇಕು. ರೂಢಿಯಲ್ಲಿ ತಂಡವು ವಿನ್ಯಾಸದವರು, ಯಂತ್ರಭಾಗದವರು, ವೈರಿಂಗಿನವರು, ಪ್ರೋಗ್ರಾಂ ಬರೆಯುವವರು, ತಂತ್ರಗಾರಿಕೆಯವರು, ಹಣ ಹೊಂದಿಸುವವರು, ಸುರಕ್ಷತೆ ನೋಡುವವರು ಎಂದು ಒಡೆಯುತ್ತದೆ. ಹೆಸರುಗಳು ತಂಡದಿಂದ ತಂಡಕ್ಕೆ ಬದಲಾದಾವು. ಬದಲಾಗದ್ದು ಯಾವುದೆಂದರೆ ಮೇರೆ. ಶಾಸ್ತ್ರಕಾರರು ವಿಧಿ ಮತ್ತು ನಿಷೇಧ ಎಂದು ಎರಡನ್ನು ಹೇಳುತ್ತಾರೆ: ವಿಧಿಯೆಂದರೆ ಮಾಡತಕ್ಕದ್ದು, ನಿಷೇಧವೆಂದರೆ ಮಾಡಬಾರದ್ದು. ಪಾತ್ರವೊಂದರ ವಿಧಿಯನ್ನು ಎಲ್ಲರೂ ಬಲ್ಲರು. ನಿಷೇಧ ತಿಳಿದಾಗಲೇ ಪಾತ್ರ ಪೂರ್ಣವಾಗುತ್ತದೆ. ವೈರಿಂಗಿನವನಿಗೆ ತಿಳಿಸದೆ ಯಂತ್ರಭಾಗದವನು ಮೋಟಾರಿನ ಜಾಗ ಬದಲಿಸಕೂಡದು. ವಿನ್ಯಾಸದ ಚಿತ್ರದಲ್ಲಿ ಇಲ್ಲದ ತೂತನ್ನು ಯಾರೂ ಕೊರೆಯಕೂಡದು. ಪ್ರೋಗ್ರಾಂ ಬರೆಯುವವಳು ಪಂದ್ಯದ ಹಿಂದಿನ ಗಳಿಗೆಯಲ್ಲಿ ಪರೀಕ್ಷಿಸದ ಸಾಲನ್ನು ಯಂತ್ರಕ್ಕೆ ಏರಿಸಕೂಡದು.

ಇಲ್ಲಿ ಒಂದು ಶಂಕೆ: ಇಷ್ಟು ಮೇರೆ ಹಾಕಿದರೆ ಮಕ್ಕಳ ಉತ್ಸಾಹಕ್ಕೆ ಬೇಲಿ ಕಟ್ಟಿದಂತಾಗದೆ? ಸಮಾಧಾನ: ಆಗದು. ಮೇರೆಯಿಲ್ಲದ ಕಡೆ ಬಲ್ಲವನೊಬ್ಬನೇ ಎಲ್ಲವನ್ನೂ ಮಾಡುತ್ತಾನೆ, ಮಿಕ್ಕವರು ಸುತ್ತ ನಿಂತು ನೋಡುತ್ತಾರೆ. ಬೇರೆಯವರ ಮೇಲೆ ಭಾರ ಬಿಡಬೇಕಾದಾಗ ಮಾತ್ರ ಹೊಸಬನೊಬ್ಬನಿಗೆ ಕೆಲಸ ಸಿಗುತ್ತದೆ. ಮಾರ್ಗದರ್ಶಕರಿಗೂ, ಅಂದರೆ ತಂಡದ ಬೆನ್ನಿಗಿರುವ ಇಂಜಿನಿಯರು, ಶಿಕ್ಷಕರು, ಪೋಷಕರಿಗೂ ಇದೇ ಮಾತು. ಅವರು ಯಂತ್ರ ಮುಟ್ಟಬಾರದೆಂದು ಸ್ಪರ್ಧೆಯ ನಿಯಮ ಹೇಳುವುದಿಲ್ಲ. ಆದರೂ ಮಗು ಬಿಚ್ಚಬಲ್ಲ ಬೋಲ್ಟನ್ನು ಹಿರಿಯರು ಬಿಚ್ಚಿದರೆ, ಆ ಮಗುವಿನ ಪಾಲಿನ ಪಾಠವೊಂದು ಹೋಯಿತೆಂದೇ ತಿಳಿಯಬೇಕು. ನಿಯಮ ಹಾಕದ ಮೇರೆಯನ್ನು ತಾವೇ ಹಾಕಿಕೊಳ್ಳುವವರು ಒಳ್ಳೆಯ ಮಾರ್ಗದರ್ಶಕರು.

'ಯಂತ್ರವನ್ನು ಕಟ್ಟಿ' ಎಂಬ ಪದ ಮೇಲ್ನೋಟಕ್ಕೆ ಇಡೀ ವಾಕ್ಯದ ಹೃದಯದಂತೆ ಕಾಣುತ್ತದೆ. ಆದರೆ ಏಳು ಕ್ರಿಯೆಗಳಲ್ಲಿ ಇದು ಒಂದು ಮಾತ್ರ. ಹಿಂದೆ ಕಟ್ಟುವ ಕಾಲಕ್ಕೆ ಗಡುವಿತ್ತು: ಸುಮಾರು ಆರು ವಾರಗಳ ನಂತರ ಯಂತ್ರವನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮುದ್ರೆ ಹಾಕಬೇಕಾಗಿತ್ತು. 2020ರ ಋತುವಿನಿಂದ ಆ ಚೀಲ ಹೋಯಿತು. ಚೀಲದ ಕಾಲದಲ್ಲಿ ಅನುಕೂಲವಿದ್ದ ತಂಡಗಳು ಅಭ್ಯಾಸಕ್ಕೆಂದು ಎರಡನೆಯ ಯಂತ್ರವನ್ನೇ ಕಟ್ಟುತ್ತಿದ್ದವು, ಹಣವಿಲ್ಲದವು ಕೈಕಟ್ಟಿ ಕೂರುತ್ತಿದ್ದವು. ಈಗ ಒಂದೇ ಯಂತ್ರದಲ್ಲಿ ಕಟ್ಟುವುದೂ ಕಲಿಯುವುದೂ ಸಾಧ್ಯ. ಆದುದರಿಂದ ಇಂದು 'ಕಟ್ಟಿ' ಎಂಬುದರೊಳಗೆ 'ಓಡಿಸಿ, ಮುರಿದು, ಮತ್ತೆ ಕಟ್ಟಿ' ಎಂಬುದೂ ಅಡಕವಾಗಿದೆ. ಯಂತ್ರ ಬೇಗ ಮುಗಿದಷ್ಟೂ ಓಡಿಸುವವರಿಗೆ ದಿನಗಳು ಹೆಚ್ಚು ಸಿಗುತ್ತವೆ. ಕೊನೆಯ ರಾತ್ರಿಯವರೆಗೆ ಹೊಸ ಅಂಗ ಜೋಡಿಸುತ್ತಲೇ ಇರುವ ತಂಡಕ್ಕಿಂತ, ಎರಡೇ ಕೆಲಸ ಬಲ್ಲ ಸರಳ ಯಂತ್ರವನ್ನು ದಿನವೂ ಓಡಿಸಿದ ತಂಡ ಮೇಲು.

'ತಪಾಸಣೆಗೆ ನಿಂತು': ಸ್ಪರ್ಧೆಯ ಜಾಗಕ್ಕೆ ಬಂದ ಯಂತ್ರ ಮೊದಲು ತಪಾಸಕರ ಮುಂದೆ ನಿಲ್ಲಬೇಕು. 2024ರಲ್ಲಿ ಬ್ಯಾಟರಿ ಮತ್ತು ಬಂಪರ್ ಬಿಟ್ಟು ತೂಕ 125 ಪೌಂಡ್ ಮೀರುವಂತಿರಲಿಲ್ಲ, ಅಂದರೆ ಸುಮಾರು 56.7 ಕೆಜಿ. ಚೌಕಟ್ಟಿನ ಸುತ್ತಳತೆ 120 ಅಂಗುಲದೊಳಗಿರಬೇಕಿತ್ತು. ಬಂಪರು ಕೆಂಪು ಇಲ್ಲವೇ ನೀಲಿ, ಅದರ ಮೇಲೆ ತಂಡದ ಸಂಖ್ಯೆ. ದಾಟಿದರೆ ಕಣ, ಇಲ್ಲವಾದರೆ ಗರಗಸ. ತೂಕ ಹೆಚ್ಚಾಗಿ ಸಾಲಿನಿಂದ ಹಿಂದೆ ಬಂದ ತಂಡ ಅಲ್ಯೂಮಿನಿಯಂ ಪಟ್ಟಿಗಳಲ್ಲಿ ತೂತು ಕೊರೆಯುತ್ತ ಕೂರುವುದು ಅಪರೂಪವಲ್ಲ. ಜನವರಿಯಿಂದಲೇ ಪ್ರತಿ ಭಾಗವನ್ನೂ ತೂಗಿ ಬರೆದಿಡುವ ಒಬ್ಬರಿದ್ದರೆ ಈ ಪಾಡಿಲ್ಲ.

'ಐವರನ್ನು ಕಣಕ್ಕೆ ಕಳುಹಿ': ವಾಕ್ಯದ ಅತಿ ದಟ್ಟವಾದ ಪದವಿದು. ತಂಡದಲ್ಲಿ ಐವತ್ತು ಮಂದಿ ಇದ್ದರೂ ಪಂದ್ಯಕ್ಕೆ ಹೋಗುವವರು ಹೆಚ್ಚೆಂದರೆ ಐವರು. ಅವರ ಎದೆಯ ಮೇಲಿನ ಬಿಲ್ಲೆಯೇ ಅವರ ಅಧಿಕಾರಪತ್ರ. ಸಾಮಾನ್ಯವಾಗಿ ಇಬ್ಬರು ಡ್ರೈವರು, ಒಬ್ಬ ಹ್ಯೂಮನ್ ಪ್ಲೇಯರ್, ಒಬ್ಬ ಟೆಕ್ನಿಶಿಯನ್, ಒಬ್ಬ ಕೋಚ್. ಇವರಲ್ಲಿ ಕೋಚ್ ಮಾತ್ರ ಹಿರಿಯರಾಗಿರಬಹುದು. ಉಳಿದವರೆಲ್ಲ ವಿದ್ಯಾರ್ಥಿಗಳೇ ಆಗಿರಬೇಕೆಂಬುದು ನಿಯಮ. 2024ರಲ್ಲಿ ಪಂದ್ಯದ ಕಾಲ ಎರಡೂವರೆ ನಿಮಿಷವಾಗಿತ್ತು. ಮೊದಲ 15 ಸೆಕೆಂಡು ಯಂತ್ರ ತಾನಾಗಿ ಓಡುತ್ತಿತ್ತು, ಮುಂದಿನ 2 ನಿಮಿಷ 15 ಸೆಕೆಂಡು ಮನುಷ್ಯರು ಓಡಿಸುತ್ತಿದ್ದರು.

ಯಂತ್ರ ತಾನಾಗಿ ಓಡುವ ಆ ಅವಧಿಯಲ್ಲಿ ಡ್ರೈವರುಗಳು ಗೆರೆಯ ಹಿಂದೆ ನಿಂತಿರಬೇಕು, ಕಂಟ್ರೋಲರನ್ನು ಮುಟ್ಟುವಂತಿಲ್ಲ. ಆಗ ಕಣದಲ್ಲಿರುವುದು ಪ್ರೋಗ್ರಾಂ ಬರೆದವಳ ಬುದ್ಧಿ; ಅವಳೋ ಪ್ರೇಕ್ಷಕರ ನಡುವೆ ಕುಳಿತಿರಬಹುದು. ಬಳಿಕ ಒಬ್ಬ ಡ್ರೈವರು ಚಕ್ರಗಳನ್ನು ನಡೆಸುತ್ತಾನೆ, ಇನ್ನೊಬ್ಬಳು ಎತ್ತುವ ಎಸೆಯುವ ಅಂಗಗಳನ್ನು. ಎರಡನ್ನೂ ಒಬ್ಬರೇ ನಡೆಸಿದರೆ ಕಣ್ಣು ಎರಡೆಡೆ ಹರಿಯುತ್ತದೆ. ಹ್ಯೂಮನ್ ಪ್ಲೇಯರ್ ಎಂದರೆ ಯಂತ್ರವನ್ನಲ್ಲ, ಆಟದ ವಸ್ತುವನ್ನು ಕೈಯಾರೆ ಮುಟ್ಟುವವನು: 2024ರಲ್ಲಿ ಯಂತ್ರಕ್ಕೆ ಬಳೆ ಉಣಿಸುವುದು, ಮೇಲೆ ಹೇಳಿದ ಗುಂಡಿಯನ್ನು ಒತ್ತುವುದು ಅವನ ಪಾಲು. ಒಂದು ಕ್ಷಣ ಬೇಗ ಒತ್ತಿದರೆ ಎಸೆಯಲು ಬಳೆಯೇ ಇಲ್ಲದೆ ಹತ್ತು ಸೆಕೆಂಡು ವ್ಯರ್ಥ. ಟೆಕ್ನಿಶಿಯನ್ ಯಂತ್ರವನ್ನು ಕಣದವರೆಗೆ ತಂದು, ಬ್ಯಾಟರಿ ಬಿಗಿಯಾಗಿದೆಯೇ, ಯಾವ ವೈರಾದರೂ ಕಳಚಿದೆಯೇ ಎಂದು ನೋಡಿ, ಪಂದ್ಯ ಆರಂಭವಾಗುವಾಗ ಹಿಂದೆ ಸರಿಯುತ್ತಾನೆ. ಯಂತ್ರ ಕಣದ ನಡುವೆ ಸತ್ತು ನಿಂತರೂ ಅವನು ಒಳಗೆ ಕಾಲಿಡುವಂತಿಲ್ಲ. ಎಲ್ಲವನ್ನೂ ಬಲ್ಲವನು ಏನನ್ನೂ ಮಾಡದೆ ನಿಲ್ಲಬೇಕಾದ ಈ ಸ್ಥಾನವೇ ಐದರಲ್ಲಿ ಕಠಿಣವಾದದ್ದು.

ಕೋಚ್ ಯಂತ್ರವನ್ನು ನಡೆಸುವಂತಿಲ್ಲ. ಯಕ್ಷಗಾನದ ಭಾಗವತರು ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಆದರೂ ಯಾರು ಯಾವಾಗ ರಂಗಕ್ಕೆ ಬರಬೇಕು, ಯಾವ ಪದ ಎಳೆಯಬೇಕು, ಯಾವುದನ್ನು ಮೊಟಕುಗೊಳಿಸಬೇಕು ಎಂಬುದು ಅವರ ಕೈಯಲ್ಲಿದೆ. ಕೋಚಿನದೂ ಅಂಥದೇ ಸ್ಥಾನ. ಡ್ರೈವರಿನ ಕಣ್ಣು ತನ್ನ ಯಂತ್ರದ ಮೇಲಿದ್ದರೆ, ಕೋಚಿನ ಕಣ್ಣು ಗಡಿಯಾರದ ಮೇಲೆ, ಅಂಕದ ಮೇಲೆ, ಕಣದಲ್ಲಿರುವ ಉಳಿದ ಐದು ಯಂತ್ರಗಳ ಮೇಲೆ. 'ಇನ್ನೊಂದು ಬಳೆ ಸಾಕು, ಸರಪಳಿಗೆ ನಡೆ' ಎಂಬ ಮಾತು ಸರಿಯಾದ ಗಳಿಗೆಯಲ್ಲಿ ಬರಬೇಕು, ಚಿಕ್ಕದಾಗಿರಬೇಕು, ಒಂದೇ ಬಾಯಿಂದ ಬರಬೇಕು. ಇಬ್ಬರು ಸೂಚನೆ ಕೊಟ್ಟರೆ ಡ್ರೈವರು ಯಾರ ಮಾತನ್ನೂ ಕೇಳಲಾರ. ಆದ್ದರಿಂದ ತಂಡಗಳು ಪಂದ್ಯದ ಮಾತನ್ನೂ ಮೊದಲೇ ಅಭ್ಯಾಸ ಮಾಡುತ್ತವೆ: ಯಾವ ಶಬ್ದಕ್ಕೆ ಯಾವ ಅರ್ಥ, ಉಳಿದ ಕಾಲವನ್ನು ಯಾವಾಗ ಕೂಗಬೇಕು ಎಂಬುದೆಲ್ಲ ನಿಶ್ಚಿತ.

ಐವರನ್ನು ಆರಿಸುವುದು ಹೇಗೆ? ಹಿರಿಯ ತರಗತಿಯವರೆಂದೋ ಹೆಚ್ಚು ದುಡಿದವರೆಂದೋ ಆರಿಸುವ ಕ್ರಮವುಂಟು; ಅದು ಸಮಂಜಸವಲ್ಲ. ಚೆನ್ನಾಗಿ ಕಟ್ಟಿದವನು ಚೆನ್ನಾಗಿ ಓಡಿಸಿಯಾನೆಂಬ ನಿಯಮವಿಲ್ಲ. ನಿಯಮಪುಸ್ತಕದ ಮೇಲೆ ಪರೀಕ್ಷೆಯಿಟ್ಟು, ಕಾಲ ಅಳೆದು ಓಡಿಸಿ ನೋಡಿ, ಸೋತ ಮೇಲೆ ಜತೆಗಾರರೊಡನೆ ಹೇಗೆ ಮಾತಾಡುತ್ತಾರೆಂಬುದನ್ನೂ ಗಮನಿಸಿ ಆರಿಸುವುದು ನ್ಯಾಯ.

'ಉಳಿದವರು ಕಣ್ಣಾಗಿ': ಉಳಿದವರು ಎಂದರೆ ಮಿಕ್ಕವರು, ಕಡೆಗಣಿಸಲ್ಪಟ್ಟವರಲ್ಲ. ಕಣದಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು, ಒಟ್ಟು ಆರು ಯಂತ್ರ. ಆದುದರಿಂದ ಪ್ರೇಕ್ಷಕರ ಸಾಲಿನಲ್ಲಿ ಆರು ಮಂದಿ ಸ್ಕೌಟುಗಳು, ಒಬ್ಬೊಬ್ಬರಿಗೆ ಒಂದೊಂದು ಯಂತ್ರ. ಎಷ್ಟು ಎಸೆಯಿತು, ಎಷ್ಟು ಗುರಿ ತಪ್ಪಿತು, ಎಲ್ಲಿ ಸಿಕ್ಕಿಬಿತ್ತು, ಸರಪಳಿಗೆ ಏರಿತೇ ಎಂದು ಕಾಗದದಲ್ಲೋ ಟ್ಯಾಬ್ಲೆಟ್ಟಿನಲ್ಲೋ ಬರೆಯಬೇಕು. ತಮ್ಮ ತಂಡವೇ ಆಡುತ್ತಿರುವಾಗಲೂ ತಮಗೆ ಒಪ್ಪಿಸಿದ ಪರರ ಯಂತ್ರದಿಂದ ಕಣ್ಣು ಕೀಳಬಾರದೆಂಬುದು ಇವರ ನಿಷೇಧ. ಇಡೀ ದಿನದ ಈ ಬೇಸರದ ಕೆಲಸ ಕೊನೆಗೆ ಫಲ ಕೊಡುತ್ತದೆ. ಅರ್ಹತಾ ಪಂದ್ಯಗಳು ಮುಗಿದ ಮೇಲೆ ಮೇಲಿನ ಎಂಟು ತಂಡಗಳು ನಾಯಕರಾಗಿ ತಮ್ಮ ಜತೆಗಾರರನ್ನು ಎಲ್ಲರೆದುರು ಕರೆಯುತ್ತವೆ. ಕರೆದಾಗ ಒಲ್ಲೆನೆಂದ ತಂಡವನ್ನು ಮತ್ತೊಬ್ಬರು ಕರೆಯುವಂತಿಲ್ಲ. ಹಾಗಾಗಿ ಯಾರನ್ನು ಕರೆಯಬೇಕು, ಯಾರು ಕರೆದರೆ ಒಪ್ಪಬೇಕು ಎಂಬ ಪಟ್ಟಿ ಹಿಂದಿನ ರಾತ್ರಿಯೇ ಸಿದ್ಧವಿರಬೇಕು. ಆ ಪಟ್ಟಿಗೆ ಆಧಾರ ಸ್ಕೌಟುಗಳ ಬರಹವಲ್ಲದೆ ಬೇರಿಲ್ಲ.

ಪಿಟ್ ಎಂಬ ಹತ್ತಡಿ ಚೌಕದ ಜಾಗದಲ್ಲಿ ಇನ್ನೊಂದು ಗುಂಪಿರುತ್ತದೆ. ಯಂತ್ರ ಹಿಂದಿರುಗಿದೊಡನೆ 12 ವೋಲ್ಟಿನ, ಸುಮಾರು 6 ಕೆಜಿ ತೂಗುವ ಬ್ಯಾಟರಿಯನ್ನು ಬದಲಿಸುವುದು, ಮುಂದಿನ ಪಂದ್ಯಕ್ಕೆ ಬಂಪರು ಕೆಂಪೋ ನೀಲಿಯೋ ನೋಡುವುದು, ಪಟ್ಟಿ ಹಿಡಿದು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ಪರೀಕ್ಷಿಸುವುದು ಇವರ ಕೆಲಸ. ಬಾಯಿಪಾಠವಿದ್ದರೂ ಪಟ್ಟಿಯನ್ನು ನೋಡಿಯೇ ಮಾಡಬೇಕು. ಆತುರದಲ್ಲಿ ಮೊದಲು ಕೈಬಿಡುವುದು ಚೆನ್ನಾಗಿ ಗೊತ್ತಿರುವ ಕೆಲಸವನ್ನೇ.

'ಎದುರಾಳಿಗೂ ನೆರವಾಗುವುದೇ' ಎಂಬಲ್ಲಿ 'ಊ' ಪ್ರತ್ಯಯ ಎದುರಾಳಿಯನ್ನೂ ಒಳಗೆ ಕರೆದುಕೊಳ್ಳುತ್ತದೆ. ಶಂಕೆ: ಸ್ಪರ್ಧೆಯಲ್ಲಿ ಇದು ಹೇಗೆ ಕೂಡುತ್ತದೆ? ಸಮಾಧಾನ: ಸೌಜನ್ಯವೂ ವೃತ್ತಿನಿಷ್ಠೆಯೂ ಬೇರೆಯಲ್ಲವೆಂಬ ತತ್ತ್ವವನ್ನು ವುಡಿ ಫ್ಲವರ್ಸ್ ಈ ಸ್ಪರ್ಧೆಯ ಅಡಿಪಾಯವಾಗಿಟ್ಟರು. ಪಿಟ್‌ನಲ್ಲಿ ಯಾವುದೋ ತಂಡಕ್ಕೆ ಬಿಡಿಭಾಗ ಬೇಕೆಂದು ಧ್ವನಿವರ್ಧಕ ಕೂಗಿದರೆ, ಮುಂದಿನ ಪಂದ್ಯದಲ್ಲಿ ಅದೇ ತಂಡವನ್ನು ಎದುರಿಸಬೇಕಾದವರೂ ಭಾಗ ಹಿಡಿದು ಓಡುತ್ತಾರೆ. ತತ್ತ್ವ ಅಂಕದೊಳಕ್ಕೂ ಇಳಿದಿದೆ. 2024ರ ಅರ್ಹತಾ ಪಂದ್ಯಗಳಲ್ಲಿ ಎರಡೂ ಬಣಗಳು ಮನುಷ್ಯರು ಓಡಿಸುವ ಅವಧಿಯ ಮೊದಲ 45 ಸೆಕೆಂಡಿನೊಳಗೆ ತಮ್ಮ ತಮ್ಮ ಸೀಳಿನ ಒಂದೊಂದು ಬಳೆಯನ್ನು ಬಿಟ್ಟುಕೊಟ್ಟು ಸಹಕಾರದ ಗುಂಡಿಯನ್ನು ಒತ್ತಿದರೆ, ಹೆಚ್ಚುವರಿ ಶ್ರೇಣಿ-ಅಂಕಕ್ಕೆ ಬೇಕಾದ 18 ಬಳೆಗಳ ಗುರಿ ಇಬ್ಬರಿಗೂ 15ಕ್ಕೆ ಇಳಿಯುತ್ತಿತ್ತು. ಒಬ್ಬರೇ ಒತ್ತಿದರೆ ಇಬ್ಬರಿಗೂ ಇಲ್ಲ. ಆದುದರಿಂದ ಪಂದ್ಯಕ್ಕೆ ಮೊದಲು ಕೋಚ್ ಎದುರಾಳಿಯ ಕೋಚನ್ನು ಹುಡುಕಿ ಹೋಗಿ ಮಾತಾಡುವುದೂ ಸಿದ್ಧತೆಯ ಭಾಗವೇ.

'ತಂಡ' ಎಂಬ ಪದ ಕಡೆಗೆ ಬಂದಿದೆ. ಹಿಂದಿನ ಕ್ರಿಯೆಗಳಲ್ಲಿ ಒಂದು ತಪ್ಪಿದರೂ ಉಳಿಯುವುದು ಯಂತ್ರವೊಂದನ್ನು ಇಟ್ಟುಕೊಂಡ ಗುಂಪು, ತಂಡವಲ್ಲ. ಸ್ಪರ್ಧೆ ಕೊಡುವ ಅತ್ಯುನ್ನತ ಗೌರವವೂ ಪಂದ್ಯ ಗೆದ್ದವರಿಗೆ ಮೀಸಲಲ್ಲ. ಹಿಂದೆ ಚೇರ್ಮನ್ಸ್ ಅವಾರ್ಡ್ ಎಂದೂ 2023ರ ಋತುವಿನಿಂದ ಇಂಪ್ಯಾಕ್ಟ್ ಅವಾರ್ಡ್ ಎಂದೂ ಕರೆಯಲಾಗುವ ಆ ಪ್ರಶಸ್ತಿ, ತನ್ನ ಊರಿನಲ್ಲಿ, ಬೇರೆ ಶಾಲೆಗಳಲ್ಲಿ, ಕಿರಿಯರ ನಡುವೆ ತಂಡ ಮಾಡಿದ ಕೆಲಸಕ್ಕೆ ಸಲ್ಲುತ್ತದೆ. 2024ರಲ್ಲಿ ಪ್ರಾದೇಶಿಕ ಸ್ಪರ್ಧೆಯಲ್ಲಿ ಅದನ್ನು ಪಡೆದ ತಂಡಕ್ಕೆ, ಕಣದಲ್ಲಿ ಗೆದ್ದ ತಂಡಕ್ಕೆ ಸಿಗುತ್ತಿದ್ದಂತೆಯೇ, ಅಂತಿಮ ಚಾಂಪಿಯನ್‌ಶಿಪ್‌ಗೆ ನೇರ ಪ್ರವೇಶ ಸಿಗುತ್ತಿತ್ತು.