ಗಡಸು ಮತ್ತು ಗಟ್ಟಿ: ಶರಣಸಾಹಿತ್ಯದಲ್ಲಿ ದೃಢತೆಯ ವರ್ಣನೆ

ಕನ್ನಡದಲ್ಲಿ ‘ಗಡಸು’ ಎಂಬ ಮಾತೂ ಉಂಟು, ‘ಗಟ್ಟಿ’ ಎಂಬ ಮಾತೂ ಉಂಟು. ಮೇಲ್ನೋಟಕ್ಕೆ ಇವೆರಡೂ ಒಂದೇ ಎನಿಸಿದರೂ ಜನರ ಬಳಕೆ ಇವನ್ನು ಬೇರ್ಪಡಿಸಿಯೇ ಇಟ್ಟಿದೆ. ಗಡಸು ಮಾತು ಎಂದರೆ ಕೇಳಿದವರನ್ನು ನೋಯಿಸುವಂಥದು. ಗಟ್ಟಿ ಮನಸ್ಸು ಎಂದರೆ ನೆಚ್ಚಿ ನಿಲ್ಲಬಹುದಾದದ್ದು. ಮರದ ತಿರುಳಿನ ಬಲಿತ ಭಾಗಕ್ಕೆ ‘ಕೆಚ್ಚು’ ಎಂಬ ಹೆಸರಿದೆ. ಅದರಿಂದಲೇ ‘ಕೆಚ್ಚೆದೆ’ ಎಂಬ ಮಾತು ಹುಟ್ಟಿತು. ಇವುಗಳ ಜೊತೆಗೆ ಛಲ, ನಿಷ್ಠೆ, ಸೈರಣೆ, ಎದೆಗಾರಿಕೆ ಮೊದಲಾದ ಮಾತುಗಳೂ ಸೇರಿ ದೃಢತೆಯ ಒಂದೊಂದು ಮುಖವನ್ನು ತೋರಿಸುತ್ತವೆ. ಒಂದು ಭಾವಕ್ಕೆ ಇಷ್ಟು ಹೆಸರುಗಳಿರುವಾಗ ಯಾವ ಕವಿ ಯಾವುದನ್ನು ಎಲ್ಲಿ ಬಳಸಿದನೆಂಬುದನ್ನು ಗಮನಿಸುವುದು ವಿಮರ್ಶೆಯ ಮೊದಲ ಕರ್ತವ್ಯ. ಬೆಂಗಳೂರಿನ ಜಯನಗರದಲ್ಲಿ ನೆಲೆಸಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಧಾನ ಸಂಪಾದಕರಾಗಿ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಬ್ದಗಳಿಗೆ ಅರ್ಥದೊಡನೆ ಕವಿಪ್ರಯೋಗಗಳನ್ನೂ ಕೊಡುತ್ತದೆ. ಶಬ್ದದ ಅರ್ಥ ಅದರ ಬಾಳಿನಲ್ಲಿದೆ ಎಂಬ ವಿವೇಕ ಆ ಮಹಾಕಾರ್ಯದ ತಳಹದಿ.

ಜಯನಗರಕ್ಕೆ ಸಮೀಪದಲ್ಲಿಯೇ ಲಾಲ್‌ಬಾಗಿನ ಬಂಡೆಯಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಈ ಶಿಲೆಗಿಂತ ಕಠಿಣವಾದದ್ದನ್ನು ಆ ಪ್ರದೇಶದ ಜನ ಕಂಡಿರಲಾರರು. ಆದರೆ ಇಂಥ ಕಲ್ಲಿನ ಗುಟ್ಟು ಕಲ್ಲುಕುಟಿಗನಿಗೆ ತಿಳಿದಿದೆ. ಉಳಿಯಿಂದ ಸಾಲಾಗಿ ಕುಳಿಗಳನ್ನು ತೋಡಿ ಬೆಣೆ ಹೊಡೆದರೆ ಎಂಥ ಬಂಡೆಯೂ ನೇರವಾಗಿ ಸೀಳುತ್ತದೆ. ಹುಲ್ಲಿನ ಹಗ್ಗವನ್ನು ಹಾಗೆ ಸೀಳಲು ಬರುವುದಿಲ್ಲ. ಗೀರಿದರೆ ಗುರುತು ಬೀಳದಿರುವುದು ಒಂದು ಗುಣ, ಎಳೆದರೂ ಹೊಡೆದರೂ ಮುರಿಯದಿರುವುದು ಇನ್ನೊಂದು ಗುಣ. ಲೋಹಗಳನ್ನು ಪರೀಕ್ಷಿಸುವ ವಿಜ್ಞಾನಿಗಳೂ ಈ ಎರಡನ್ನು ಬೇರೆಯಾಗಿಯೇ ಅಳೆಯುತ್ತಾರೆ. ಮಿತಿಮೀರಿ ಗಡಸಾದ ಉಕ್ಕು ಪೆಟ್ಟಿಗೆ ಒಡೆಯುವುದೆಂದು ಬಲ್ಲ ಕಮ್ಮಾರ ಅದನ್ನು ಮತ್ತೆ ಕಾಯಿಸಿ ಹದಕ್ಕೆ ತರುತ್ತಾನೆ. ಶರಣಸಾಹಿತ್ಯದಲ್ಲಿ ವರ್ಣಿತವಾಗಿರುವ ದೃಢತೆ ಕಲ್ಲಿನ ಬಗೆಯದೋ ಹಗ್ಗದ ಬಗೆಯದೋ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ‘ಛಲ’ವೆಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರ ಒಂದೊಂದು ಗುಣವನ್ನು ಎಣಿಸುವಾಗ ಛಲಕ್ಕೆ ದುರ್ಯೋಧನನನ್ನೇ ಹೆಸರಿಸುತ್ತಾನೆ. ರನ್ನನ ಗದಾಯುದ್ಧದಲ್ಲಿಯೂ ಆ ರಾಜನ ಹಿರಿಮೆ ಅವನ ಛಲದಿಂದಲೇ ಬಂದದ್ದು. ಅದು ಎದುರಾಳಿಗೆ ಬಾಗದ ಛಲ, ಹಿಡಿದ ನೆಲವನ್ನು ಬಿಡದ ಛಲ. ಎರಡು ಶತಮಾನಗಳ ಬಳಿಕ ಬಸವಣ್ಣನವರು ಅದೇ ಶಬ್ದವನ್ನು ಎತ್ತಿಕೊಂಡು ಶರಣನಿಗೆ ಛಲವಿರಬೇಕೆಂದು ವಿಧಿಸುತ್ತಾರೆ. ಆದರೆ ಆ ಛಲ ಪರಧನವನ್ನು ಬಯಸೆನೆಂಬುದು, ಪರಸತಿಯನ್ನು ಬಯಸೆನೆಂಬುದು, ಅನ್ಯದೈವಕ್ಕೆ ಎರಗೆನೆಂಬುದು. ಇಲ್ಲಿ ಎದುರಾಳಿ ಹೊರಗಿಲ್ಲ. ಶರಣನ ಛಲವೆಲ್ಲ ತನ್ನ ಕೈಯ ಮೇಲೆ, ತನ್ನ ಕಣ್ಣಿನ ಮೇಲೆ, ತನ್ನ ಮನಸ್ಸಿನ ಮೇಲೆ ನಡೆಯತಕ್ಕದ್ದು. ರಣಭೂಮಿಯ ಶಬ್ದವೊಂದು ಹೀಗೆ ಅಂತರಂಗಕ್ಕೆ ಬಂದು ನೆಲೆಸಿದ್ದು ಕನ್ನಡ ಭಾಷೆಯ ಇತಿಹಾಸದಲ್ಲಿಯೇ ಒಂದು ಗಣ್ಯ ಘಟನೆ. ಮೆದುಮಾತಿಗೆ ಜಪದ ಸ್ಥಾನವನ್ನು ಕೊಟ್ಟವರೂ ಇದೇ ಬಸವಣ್ಣನವರೆಂಬುದನ್ನು ನೆನೆದಾಗ ಈ ಛಲದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ.

ಆದರೆ ವೀರಶೈವ ಕಥನಸಾಹಿತ್ಯದಲ್ಲಿ ಉಗ್ರಭಕ್ತಿಯ ಪ್ರಸಂಗಗಳೂ ಇಲ್ಲದಿಲ್ಲ. ಪೂಜೆಗೆ ಅಡ್ಡಬಂದ ತಂದೆಯ ಕಾಲನ್ನೇ ಕಡಿದ ಚಂಡೇಶನ ಕಥೆಯಿದೆ. ಜಂಗಮನ ಊಟಕ್ಕಾಗಿ ಮಗನನ್ನೇ ಒಪ್ಪಿಸಿದ ಸಿರಿಯಾಳನ ಕಥೆಯಿದೆ. ಇವನ್ನು ಓದುವಾಗ ಸಹೃದಯನ ಮನಸ್ಸು ತಲ್ಲಣಿಸುವುದು ಸಹಜ. ಆ ತಲ್ಲಣವನ್ನು ಭಕ್ತಿಯ ಕೊರತೆಯೆಂದು ಹಳಿಯುವುದೂ ಸಲ್ಲದು, ಕಥೆಗಳನ್ನೇ ಮುಚ್ಚಿಡುವುದೂ ಸಲ್ಲದು. ಇವುಗಳ ಮಗ್ಗುಲಲ್ಲಿ ಹರಿಹರನು ರಗಳೆಯಲ್ಲಿ ಹಾಡಿದ ಕಣ್ಣಪ್ಪನನ್ನು ಇರಿಸಿ ನೋಡಬೇಕು. ಬೇಟೆಯೇ ಬದುಕಾದ ಕಣ್ಣಪ್ಪನಿಗೆ ರಕ್ತ ಹೊಸದಲ್ಲ. ಅಂಥವನು ಶಿವನ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ತಾಳಲಾರದೆ ಹೋಗುತ್ತಾನೆ. ತಾಳಲಾರದ್ದರಿಂದಲೇ ತನ್ನ ಕಣ್ಣನ್ನು ಕಿತ್ತು ಕೊಡುತ್ತಾನೆ. ಅವನ ಎದೆಗಾರಿಕೆಯ ಬೇರು ಅವನ ಮರುಕದಲ್ಲಿದೆ. ಮರುಕವನ್ನು ತೆಗೆದರೆ ಅಲ್ಲಿ ಉಳಿಯುವುದು ಬರಿಯ ಭೀಕರತೆ. ಹರಿಹರನ ಪ್ರತಿಭೆ ಈ ಬೇರನ್ನು ಕಂಡಿತೆಂದೇ ಕಣ್ಣಪ್ಪನ ಕಥೆ ಓದುಗನನ್ನು ಕರಗಿಸುತ್ತದೆ.

‘ವೀರ’ ಎಂಬ ಶಬ್ದವನ್ನು ಕತ್ತಿ ಹಿಡಿದ ಕೈಯೊಡನೆಯೇ ಕೂಡಿಸಿ ನೋಡುವವರು ಸಿದ್ಧಾಂತಶಿಖಾಮಣಿಯ ನಿರ್ವಚನವನ್ನು ಗಮನಿಸಬೇಕು. ಶಿವ-ಜೀವರ ಐಕ್ಯವನ್ನು ಬೋಧಿಸುವ ವಿದ್ಯೆಯಲ್ಲಿ ರಮಿಸುವವನೇ ವೀರಶೈವನೆಂದು ಆ ಗ್ರಂಥ ಹೇಳುತ್ತದೆ. ಅಲ್ಲಿ ವೀರತ್ವಕ್ಕೆ ಶತ್ರುವಿನ ಅಗತ್ಯವೇ ಇಲ್ಲ.

ರಾಘವಾಂಕನ ‘ಹರಿಶ್ಚಂದ್ರಕಾವ್ಯ’ ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಯೋಗ್ಯ. ಕಾವ್ಯದ ಮೊದಲ ಭಾಗದ ಹರಿಶ್ಚಂದ್ರನಲ್ಲಿ ದೃಢತೆಗೇನೂ ಕಡಮೆಯಿಲ್ಲ. ಹಾಡಿ ಮೆಚ್ಚಿಸಿದ ಅನಾಮಿಕ ಕನ್ಯೆಯರು ತಮ್ಮನ್ನು ವರಿಸೆಂದು ಬೇಡಿದಾಗ ಅವನು ಕುಲದ ಹೆಸರಿನಲ್ಲಿ ನಿರಾಕರಿಸುತ್ತಾನೆ. ರಾಜ್ಯವನ್ನೇ ಬಿಟ್ಟುಕೊಡುತ್ತಾನೆ, ಆ ನಿರಾಕರಣೆಯನ್ನು ಬಿಡುವುದಿಲ್ಲ. ಆ ಹೆಣ್ಣುಗಳು ಕೇಳುವ ಪ್ರಶ್ನೆಗಳಾದರೋ ತೀಕ್ಷ್ಣವಾದವು. ತಮ್ಮ ಹಾಡನ್ನು ಕೇಳಿದ ಕಿವಿಗೆ, ತಮ್ಮ ರೂಪವನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದ ಕೈಗೆ ಮಾತ್ರ ಹೇಗೆ ಬಂತೆಂಬ ಅವರ ವಾದಕ್ಕೆ ರಾಜನಲ್ಲಿ ಸಮರ್ಪಕ ಉತ್ತರವಿಲ್ಲ. ಅವನು ಅವರನ್ನು ಹೊಡೆದಟ್ಟಿಸುತ್ತಾನೆ. ಇದು ಗಡಸು. ಮುಂದೆ ಕವಿ ಅದೇ ರಾಜನನ್ನು ಕಾಶಿಯಲ್ಲಿ ವೀರಬಾಹುವಿಗೆ ಮಾರಿಸಿ ಸುಡುಗಾಡಿನ ಕಾವಲಿಗೆ ನಿಲ್ಲಿಸುತ್ತಾನೆ. ಯಾರ ಸೋಂಕಿಗೆ ಹೇಸಿದ್ದನೋ ಅವರ ಕುಲದವನ ಆಳಾಗಿ ಅವನು ಬಾಳಬೇಕಾಗುತ್ತದೆ. ಮಗ ಲೋಹಿತಾಶ್ವನ ಶವವನ್ನು ಹೊತ್ತು ಬಂದ ಚಂದ್ರಮತಿಯ ಎದುರಿನಲ್ಲಿಯೂ ಒಡೆಯನ ಪಾಲನ್ನು ಬಿಡದ ಹರಿಶ್ಚಂದ್ರನಲ್ಲಿ ಆಗ ಕಾಣುವುದು ಬೇರೆಯೇ ಬಗೆಯ ದೃಢತೆ. ಮೊದಲಿನದು ಮಾನವನ್ನು ಕಾಯುತ್ತಿತ್ತು. ಎರಡನೆಯದು ಮಾನ, ಕುಲ, ಸಂಸಾರಗಳೆಲ್ಲ ಹೋದ ಮೇಲೆಯೂ ಸತ್ಯವನ್ನು ಕಾಯುತ್ತದೆ. ಇಡೀ ಕಾವ್ಯವನ್ನು ಒಂದೇ ಎರಕದ ಸತ್ಯನಿಷ್ಠೆಯ ಕಥೆಯೆಂದು ಹೊಗಳುವ ವಿಮರ್ಶೆ ಈ ಬದಲಾವಣೆಯನ್ನು ಕಾಣದೆ ಹೋಗುತ್ತದೆ. ಗಡಸಾಗಿದ್ದವನನ್ನು ಬೆಂಕಿಗೊಡ್ಡಿ ಗಟ್ಟಿಯಾಗಿಸಿದ್ದೇ ರಾಘವಾಂಕನ ಸಾಧನೆ.

ಇನ್ನು ನುಲಿಯ ಚಂದಯ್ಯನವರ ಪ್ರಸಂಗ. ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದ ಈ ಶರಣರು, ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ಬಿದ್ದರೂ ಕಾಯಕವನ್ನು ಬಿಡದೆ ನಡೆದರೆಂದೂ, ಮಡಿವಾಳ ಮಾಚಯ್ಯನವರು ನಡುವೆ ಬಂದು ಲಿಂಗವನ್ನೂ ಶರಣರನ್ನೂ ಒಂದುಗೂಡಿಸಿದರೆಂದೂ ಶರಣಕಥೆ ಹೇಳುತ್ತದೆ. ಲಿಂಗಕ್ಕೂ ಕಾಯಕ ತಪ್ಪದೆನ್ನುವ ಇಂಥ ನಿಷ್ಠುರತೆ ಬೇರೆಡೆ ದುರ್ಲಭ. ಆದರೂ ಚಂದಯ್ಯನವರು ಯಾರನ್ನೂ ನೋಯಿಸುವುದಿಲ್ಲ. ಅವರ ಕೈ ಹುಲ್ಲನ್ನು ಹೊಸೆಯುತ್ತಲೇ ಇರುತ್ತದೆ. ಬಿಡಿಯಾಗಿ ಮಗುವೂ ಹರಿಯಬಲ್ಲ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಭಾರವನ್ನು ತಡೆಯುವ ಹಗ್ಗವಾಗುತ್ತವೆ. ಪ್ರತಿಯೊಂದು ಎಳೆಯೂ ಮೆದುವಾಗಿ ಬಾಗುವುದರಿಂದಲೇ ಹುರಿಗೊಳ್ಳುತ್ತದೆ. ಶರಣಸಮೂಹದ ಬಾಳೂ ಹೀಗೆಯೇ ಹೆಣೆದುಕೊಂಡಿತ್ತು.

ದೃಢತೆಯ ಅತ್ಯಂತ ಸೂಕ್ಷ್ಮವಾದ ವರ್ಣನೆ ಅಕ್ಕಮಹಾದೇವಿಯವರದು. ಬೆಟ್ಟದಲ್ಲಿ ಮನೆ ಕಟ್ಟಿದವರು ಮೃಗಗಳಿಗೂ, ಕಡಲ ತಡಿಯಲ್ಲಿದ್ದವರು ತೆರೆಗಳಿಗೂ, ಸಂತೆಯಲ್ಲಿದ್ದವರು ಗದ್ದಲಕ್ಕೂ ಅಂಜಿ ಅಳುಕಿ ಫಲವೇನೆಂದು ಕೇಳುವ ಅವರ ಪ್ರಸಿದ್ಧ ವಚನವನ್ನು ಎಲ್ಲರೂ ಬಲ್ಲರು. ಮೂರು ಉಪಮಾನಗಳೂ ಮನೆಯದು, ನೆಲೆ ನಿಲ್ಲುವುದು. ಮೃಗವನ್ನು ಕೊಲ್ಲು, ತೆರೆಯನ್ನು ತಡೆ ಎಂಬ ಮಾತು ಅಲ್ಲಿಲ್ಲ. ಸ್ತುತಿನಿಂದೆಗಳು ಬಂದಾಗ ಕೋಪವಿಲ್ಲದೆ ಸಮಾಧಾನದಿಂದಿರುವುದೇ ವಚನ ಮುಟ್ಟುವ ನಿಲುವು. ನಿಂದೆಯ ಜೊತೆಗೆ ಸ್ತುತಿಯನ್ನೂ ಅಕ್ಕ ಸೇರಿಸಿದ್ದು ಗಮನಾರ್ಹ; ಹೊಗಳಿಕೆಗೆ ಸಡಿಲವಾಗುವ ಮನಸ್ಸೂ ಗಟ್ಟಿಯಾದುದಲ್ಲ. ಜಯನಗರ, ಬನಶಂಕರಿಗಳ ಪೇಟೆಯ ನಡುವೆ ಮನೆಮಾಡಿರುವ ಭಕ್ತನಿಗೆ ಸಂತೆಯ ಉಪಮಾನ ದಿನದ ಅನುಭವ. ಗದ್ದಲವಿಲ್ಲದ ಎಡೆಯನ್ನು ಅರಸಿ ಹೋಗೆಂದು ಅಕ್ಕ ಅವನಿಗೆ ಹೇಳುವುದಿಲ್ಲ. ಇದ್ದಲ್ಲಿಯೇ ಇರುವ ಬಗೆಯನ್ನು ಹೇಳುತ್ತಾರೆ.

ಈ ಎಲ್ಲ ವರ್ಣನೆಗಳನ್ನು ಷಟ್‌ಸ್ಥಲದ ಬೆಳಕಿನಲ್ಲಿ ಇರಿಸಿದಾಗ ಅವುಗಳ ಸ್ಥಾನ ನಿಶ್ಚಿತವಾಗುತ್ತದೆ. ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ. ಅದರ ಮುಂದೆ ಅವಧಾನ, ಅನುಭಾವ, ಆನಂದಗಳನ್ನು ದಾಟಿ ಐಕ್ಯನಲ್ಲಿ ಸಮರಸಭಕ್ತಿ ನೆಲೆಗೊಳ್ಳುತ್ತದೆ. ದೃಢತೆಗೆ ಸಲ್ಲುವ ನಿಷ್ಠೆ ಆರರಲ್ಲಿ ಎರಡನೆಯದು. ಅದಿಲ್ಲದೆ ಮೇಲೇರುವಂತಿಲ್ಲ, ಅದರಲ್ಲಿಯೇ ನಿಂತುಬಿಟ್ಟರೆ ಮುಂದಿನ ನಾಲ್ಕು ಸ್ಥಲಗಳು ದೊರೆಯುವುದಿಲ್ಲ. ಕಠೋರತೆಯನ್ನೇ ಭಕ್ತಿಯ ಶಿಖರವೆಂದು ಕೊಂಡಾಡುವವರು ಎರಡನೆಯ ಮೆಟ್ಟಿಲನ್ನು ಮಾಳಿಗೆಯೆಂದು ಬಗೆದವರು. ಶರಣಚರಿತ್ರೆಗಳನ್ನು ಓದುವ ವಿದ್ಯಾರ್ಥಿಯಾಗಲಿ, ಕೇಳುವ ಭಕ್ತನಾಗಲಿ ಪ್ರತಿಯೊಂದು ಪ್ರಸಂಗದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಈ ದೃಢತೆ ಯಾರ ಮೇಲೆ ನಡೆಯುತ್ತಿದೆ, ಮತ್ತು ಇದು ಯಾರನ್ನು ಕಾಯುತ್ತಿದೆ? ಕಣ್ಣಪ್ಪನ, ಚಂದಯ್ಯನ, ಸುಡುಗಾಡು ಕಾಯ್ದ ಹರಿಶ್ಚಂದ್ರನ ಕಥೆಗಳು ಈ ಪ್ರಶ್ನೆಗಳಿಗೆ ಅಳುಕದೆ ಉತ್ತರ ಕೊಡುತ್ತವೆ. ಕೊಡಲಾರದ ಕಥೆಗಳನ್ನೂ ಓದಬೇಕು. ಆದರೆ ಅವನ್ನು ಬಾಳಿಗೆ ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳುವ ಮುನ್ನ ಬಸವಣ್ಣನವರ ಮೆದುಮಾತಿನ ಒರೆಗಲ್ಲಿಗೆ ಹಚ್ಚಿ ನೋಡಬೇಕು.