ಬರೆಯದ ಪೆನ್ನಿಗೆ ಬೆಲೆ ಹೆಚ್ಚು

ಇಂಕು ಪೆನ್ನಿಗೆ ನಾವೆಲ್ಲ ಎಂದೋ ಎಳ್ಳುನೀರು ಬಿಟ್ಟಾಯಿತು. ಬಾಲ್‌ಪೆನ್ನು ಬಂತು, ಜೆಲ್ ಪೆನ್ನು ಬಂತು, ಈಗಂತೂ ಬರೆಯುವುದಕ್ಕೆ ಹೆಬ್ಬೆರಳೊಂದಿದ್ದರೆ ಸಾಕು. ಹೀಗಿರುವಾಗ ಅದೇ ಇಂಕು ಪೆನ್ನಿಗೆ ಸಂತೆ ಸೇರುತ್ತದೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಆದರೂ ಸೇರುವುದು ನಿಜ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ಪೆನ್ನಿನ ಮೇಳಕ್ಕೆ ದೇಶದೇಶಗಳಿಂದ ಸಂಗ್ರಹಕಾರರು ಹೋಗುತ್ತಾರಂತೆ. 2020ರಲ್ಲಿ ಮುಂಬಯಿಯಲ್ಲೂ ಅಂಥದೊಂದು ನಡೆಯಿತು. ಅಷ್ಟೇಕೆ, ನಾವು ಕನ್ನಡಿ ಪೆಟ್ಟಿಗೆಯಲ್ಲಿ ನೋಡಿ ಬಾಯಿ ಬಿಡುತ್ತಿದ್ದ ಅಮೆರಿಕದ ಶೇಫರ್ ಹೆಸರನ್ನೇ 2022ರಲ್ಲಿ ಬೆಂಗಳೂರಿನ ವಿಲಿಯಂ ಪೆನ್ ಕಂಪನಿ ಕೊಂಡುಕೊಂಡಿತು.

ನನ್ನ ಅಕ್ಕನ ಮಗನಿಗೆ ಈ ಹುಚ್ಚು ಹತ್ತಿದೆ. ಬೆಂಗಳೂರಿನ ಹೋಟೆಲೊಂದರಲ್ಲಿ ಸಂಗ್ರಹಕಾರರು ಸೇರಿದಾಗ ಅವನೂ ಒಂದು ಮೇಜು ಹಿಡಿದಿದ್ದ. ತಾನು ಬೇರೆ ಮೇಜುಗಳನ್ನು ನೋಡಲು ಹೋದಾಗ ಕೂತಿರಲು ಒಬ್ಬರು ಬೇಕೆಂದು ನನ್ನನ್ನು ಕರೆದೊಯ್ದ. ಎರಡು ದಿನ ಕೂತೆ, ಮಾರಿದೆ ಕೂಡ. ಆ ಮಾರಾಟದ ರೀತಿಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ದೊಡ್ಡದೊಂದು ತಕರಾರೂ ಇದೆ.

ನಾನು ಚುಂಚನಕಟ್ಟೆಯವಳು. ವ್ಯಾಪಾರ ಎಂದರೆ ನನಗೆ ಮೊದಲು ನೆನಪಾಗುವುದು ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮಲ್ಲಿ ಸೇರುವ ದನಗಳ ಜಾತ್ರೆ. ಕೊಳ್ಳುವವನು ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಪೆನ್ನಿನ ಸಂತೆಯಲ್ಲೂ ಹಲ್ಲು ಎಣಿಸುವ ಕೆಲಸ ಭರ್ಜರಿಯಾಗಿಯೇ ನಡೆಯುತ್ತದೆ. ಜೇಬಿನಿಂದ ಭೂತಗನ್ನಡಿ ತೆಗೆದು ನಿಬ್ಬಿನ ಎರಡು ಸೀಳುಗಳು ಸರಿಸಮ ಇವೆಯೇ ಎಂದು ನೋಡುತ್ತಾರೆ. ಕ್ಯಾಪಿನ ತುಟಿಯಲ್ಲಿ ಕೂದಲೆಳೆಯ ಬಿರುಕಿದೆಯೇ, ನಿಬ್ಬು ಈ ಪೆನ್ನಿನದೇ ಅಥವಾ ಇನ್ನೊಂದರಿಂದ ಕಿತ್ತು ಹಾಕಿದ್ದೇ ಎಂದು ಪರೀಕ್ಷಿಸುತ್ತಾರೆ. ಎಬೊನೈಟ್ ಎಂದರೆ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು. ಹಳೆಯ ಪೆನ್ನುಗಳು ಹೆಚ್ಚಾಗಿ ಅದರವೇ. ಬೆಳಕು ತಾಗಿ ತಾಗಿ ಅದರ ಕಪ್ಪು ಕಂದಾಗುತ್ತದೆ. ಅದಕ್ಕೆ ಮತ್ತೆ ಕಪ್ಪು ಹಿಡಿಸಿ ಹೊಸದೆಂದು ಸಾಗಹಾಕುವವರೂ ಉಂಟು. ಜಾತ್ರೆಯಲ್ಲಿ ಕೊಂಬು ಹೆರೆದು ಎಣ್ಣೆ ಹಚ್ಚುವುದಿಲ್ಲವೇ, ಹಾಗೆ. ಒಳ್ಳೆಯ ಮಾರಾಟಗಾರರು ಐಬನ್ನು ತಾವೇ ಮೊದಲು ಹೇಳಿಬಿಡುತ್ತಾರೆ. ನನ್ನ ಪಕ್ಕದ ಮೇಜಿನವರು ಹಾಗೆಯೇ ಮಾಡಿದರು, ಅವರ ಮುಂದೆಯೇ ಜನ ಹೆಚ್ಚು ಇದ್ದದ್ದು.

ಮೆಚ್ಚಬೇಕಾದದ್ದು ಇನ್ನೂ ಇದೆ. ರಾಜಮಹೇಂದ್ರಿಯ ರತ್ನಂ ಪೆನ್ನು, ಹೈದರಾಬಾದಿನಲ್ಲಿ 1928ರಲ್ಲಿ ಆರಂಭವಾದ ಡೆಕ್ಕನ್ ಪೆನ್ ಸ್ಟೋರ್ಸಿನ ಪೆನ್ನು, ಹೀಗೆ ನಮ್ಮ ಸುತ್ತಲಿನವರು ಕೈಯಾರೆ ಕಡೆದು ಮಾಡಿದ ಪೆನ್ನುಗಳಿಗೆ ಅಲ್ಲಿ ಮರ್ಯಾದೆ ಸಿಗುತ್ತದೆ. ಸ್ವದೇಶಿ ರತ್ನಂ ಪೆನ್ನನ್ನು ಬಳಸಿ ನೋಡಿ ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಕಾಗದ ಬರೆದಿದ್ದರು. ಫಾರಿನ್ ಪೆನ್ನೆಂದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ಕಾಲವನ್ನು ನೋಡಿದ ನನಗೆ ಇದು ಸಂತೋಷದ ಸಂಗತಿಯೇ.

ಇನ್ನು ತಕರಾರಿಗೆ ಬರುತ್ತೇನೆ. ಜಾತ್ರೆಯಲ್ಲಿ ಹೆಗಲ ಮೇಲೆ ನೊಗದ ಗುರುತಿದ್ದರೆ 'ಕೆಲಸ ಬಲ್ಲದ್ದು' ಎನ್ನುತ್ತಾರೆ. ಪೆನ್ನಿನ ಸಂತೆಯಲ್ಲಿ ಇದು ತಲೆಕೆಳಗು. ಇಂಕನ್ನೇ ಕಾಣದ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿರುವ ಪೆನ್ನಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಕ್ಯಾಪು ಸವೆದಿದ್ದರೆ ಇಷ್ಟು ಕಡಿಮೆ, ಹಿಂಬದಿಯಲ್ಲಿ ಹಲ್ಲಿನ ಗುರುತಿದ್ದರೆ ಅಷ್ಟು ಕಡಿಮೆ. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಕ್ಲಿಪ್ಪಿನ ಸಂದಿಯಲ್ಲಿ ಉಳಿದಿದ್ದರೆ ಅದೂ ಕೊಳೆಯೇ. ಹಾಗೆಂದು ನಮ್ಮ ಜಾತ್ರೆಯೇ ಶುದ್ಧ ಎನ್ನಲಾರೆ. ಲಕ್ಷಗಟ್ಟಲೆ ಬೆಲೆಯ ಹಳ್ಳಿಕಾರ್ ಜೋಡಿಗಳನ್ನು ಈಗ ಅಲ್ಲೂ ವಾದ್ಯ ನುಡಿಸಿ ಮೆರೆಸುತ್ತಾರೆ, ಅವುಗಳಲ್ಲಿ ಎಷ್ಟು ನೇಗಿಲು ಕಂಡಿವೆಯೋ! ಆದರೂ ಆ ಎತ್ತನ್ನು ನಡೆಸದೆ ಯಾರೂ ಕೊಳ್ಳುವುದಿಲ್ಲ. ಪೆನ್ನನ್ನು ಬರೆಸದೆ ಕೊಂಡವರನ್ನು ನಾನು ಆ ಎರಡು ದಿನದಲ್ಲಿ ಬೇಕಾದಷ್ಟು ನೋಡಿದೆ. ಬರೆದು ನೋಡಿದವರು ಕೂಡ ಇಂಗ್ಲಿಷ್ ಸಹಿ ಹಾಕಿದರು, ಇಲ್ಲವೇ ಎಂಟರ ಅಂಕಿಯನ್ನು ಸರಪಣಿಯಂತೆ ಹೆಣೆದರು. ಕನ್ನಡಕ್ಕೆ ಆ ಪರೀಕ್ಷೆ ಸಾಲದು. ನಮ್ಮ ಅಕ್ಷರ ತಲೆಕಟ್ಟು ಕಟ್ಟಿ, ಸುತ್ತಿ ಬಂದು, ಕೆಳಗೊಂದು ಒತ್ತಕ್ಷರ ಇಳಿಸಬೇಕು. ನಿಬ್ಬು ದಪ್ಪವಾದರೆ 'ಥ'ದ ಹೊಟ್ಟೆ ತುಂಬಿಹೋಗುತ್ತದೆ, ಮೇಲೇರುವಾಗ ಗೀಚಿದರೆ ಕಾಗದದ ನಾರೇ ಎದ್ದುಬರುತ್ತದೆ. ಸುಮ್ಮನಿರಲಾರದೆ ಒಂದಿಬ್ಬರಿಗೆ 'ಶ್ರೀ' ಬರೆದು ನೋಡಿ ಎಂದೆ. ಒಬ್ಬರಂತೂ ನಕ್ಕು, ಬರೆಯಲಿಕ್ಕಲ್ಲ ಮೇಡಂ, ಇಡಲಿಕ್ಕೆ ಎಂದರು.

ಅಂದ ಹಾಗೆ, ಅಲ್ಲಿ 'ಲೇಡೀಸ್ ಪೆನ್' ಎಂಬ ಒಂದು ಜಾತಿಯೇ ಇದೆ. 1920ರ ದಶಕದಲ್ಲಿ ಅಮೆರಿಕದ ಕಂಪನಿಗಳು ಹೆಂಗಸರಿಗೆಂದು ಕಿರುಬೆರಳಿನಷ್ಟು ಪೆನ್ನು ಮಾಡಿ ತಲೆಗೊಂದು ಉಂಗುರ ಜೋಡಿಸಿದವು. ನಮ್ಮ ಉಡುಪಿಗೆ ಜೇಬಿಲ್ಲವಲ್ಲ, ರಿಬ್ಬನ್ನಿಗೋ ಸರಕ್ಕೋ ಕಟ್ಟಿಕೊಳ್ಳಲಿ ಎಂದು. ನೋಡಲು ಮುದ್ದಾಗಿವೆ. ಇಂಕು ಮಾತ್ರ ಎರಡು ಕಾಗದ ಬರೆಯುವಷ್ಟೂ ಹಿಡಿಯುವಂತೆ ಕಾಣಲಿಲ್ಲ. ಇವಕ್ಕೆ ಸಂಗ್ರಹಕಾರರಲ್ಲಿ ಸಾಮಾನ್ಯವಾಗಿ ಬೆಲೆಯೂ ಕಡಿಮೆ. ನಮ್ಮ ಕಡೆಯಾದರೋ ಆ ಪುಟ್ಟ ಪೆನ್ನೂ ಸಿಗಲಿಲ್ಲ. ಮದುವೆಯಲ್ಲಿ ವರನಿಗೆ ವಾಚು, ಪೆನ್ನು. ವಧುವಿಗೆ ಪೆನ್ನು ಕೊಟ್ಟದ್ದನ್ನು ನಾನು ಕಂಡಿಲ್ಲ. ನಮ್ಮದೇ ಜಿಲ್ಲೆಯ ನಂಜನಗೂಡಿನಲ್ಲಿ ಬಾಲವಿಧವೆ ತಿರುಮಲಾಂಬ 1913ರಲ್ಲೇ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಹೊರಡಿಸಿ ಬರೆದರು, ಪ್ರಕಟಿಸಿದರು. ಅವರ ಕೈಗೆ ಯಾವ ಪೆನ್ನು ಯಾರು ಕೊಟ್ಟಿದ್ದರೋ!

ನಮ್ಮಮ್ಮನಿಗೆ ಮಾತ್ರ ಪೆನ್ನಿತ್ತು. ಮೇಡಮ್ಮನ ಕೆಲಸದ ಮೊದಲ ಸಂಬಳದಲ್ಲಿ ಮೈಸೂರಿನಲ್ಲಿ ಕೊಂಡು, ಅಂಗಡಿಯಲ್ಲೇ ಹೆಸರು ಕೆತ್ತಿಸಿಕೊಂಡದ್ದು. ಮೆರೂನ್ ಬಣ್ಣ, ಕ್ಯಾಪಿನ ಬಳೆಯ ಗಿಲೀಟು ಪೂರಾ ಹೋಗಿದೆ. ಹಾಜರಿ ಪುಸ್ತಕ, ಚೀಟಿಯ ಲೆಕ್ಕ, ನಮಗೆಲ್ಲ ಬರೆದ ಕಾಗದ, ಎಲ್ಲವೂ ಅದರಿಂದಲೇ. ಜನ ಏನನ್ನುತ್ತಾರೋ ನೋಡೋಣವೆಂದು ಮೇಜಿನ ಮೇಲಿಟ್ಟಿದ್ದೆ. ಒಬ್ಬರು ಕೈಗೆತ್ತಿಕೊಂಡು ತಿರುಗಿಸಿ, 'ಹೆಸರಿದೆಯಲ್ಲ, ಅದನ್ನು ಉಜ್ಜಿ ಪಾಲಿಷ್ ಮಾಡಿಸಿದರೆ ಎರಡರಷ್ಟು ಬರುತ್ತದೆ' ಎಂದರು. ಕೆಟ್ಟ ಮಾತೇನಲ್ಲ, ಆ ಲೋಕದ ನಿಯಮವನ್ನೇ ಹೇಳಿದರು. ಆದರೆ ಅದೇ ಸಭಾಂಗಣದಲ್ಲಿ ಸಂಸ್ಥಾನದ ದಿವಾನರೊಬ್ಬರದೆಂದು ಹೇಳಲಾದ ಪೆನ್ನನ್ನು, ಹೆಸರು ಕೆತ್ತಿದೆ ಎಂಬ ಕಾರಣಕ್ಕೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ದೊಡ್ಡವರ ಹೆಸರಾದರೆ ಚರಿತ್ರೆ, ಮೇಡಮ್ಮನ ಹೆಸರಾದರೆ ಐಬು! ಈ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ಸಂಗ್ರಹಕಾರರು ತಾವು ಕಾಲವನ್ನು ಕಾಪಾಡುತ್ತಿದ್ದೇವೆ ಎನ್ನುತ್ತಾರೆ. ಬರೆದವರ ಗುರುತನ್ನು ಉಜ್ಜಿಬಿಟ್ಟ ಮೇಲೆ ಅಲ್ಲಿ ಉಳಿಯುವುದು ಕಂಪನಿಯ ಹೆಸರು ಮಾತ್ರ, ಅದನ್ನು ಕಂಪನಿಗಳೇ ಚೆನ್ನಾಗಿ ಕಾಪಾಡಿಕೊಳ್ಳುತ್ತವೆ. ಅದರಲ್ಲೂ ಹೆಣ್ಣಿನ ಹೆಸರು ಕೆತ್ತಿದ ಪೆನ್ನು ನಮ್ಮ ಕಡೆ ಎಷ್ಟು ಅಪರೂಪ! ಅಪರೂಪಕ್ಕೇ ಬೆಲೆ ಕಟ್ಟುವವರಿಗೆ ಇದೊಂದು ಕಾಣದಿದ್ದುದು ಆಶ್ಚರ್ಯ.

ಅಮ್ಮನ ಪೆನ್ನನ್ನು ಎತ್ತಿ ಬ್ಯಾಗಿನಲ್ಲಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಹುಡುಗ ಬರುವ ಮುಂಚೆ ಮೇಜಿನ ಮೇಲಿನ ಚೀಟಿಗಳನ್ನು ತಿದ್ದಿದೆ. 'ದೋಷ: ಹೆಸರು ಕೆತ್ತಿದೆ' ಎಂದಿದ್ದಲ್ಲೆಲ್ಲ 'ದೋಷ' ತೆಗೆದು, ಬಳಸಿದವರು ಯಾರೆಂದು ಅವನು ಬರೆದಿಟ್ಟುಕೊಂಡಿದ್ದ ಕಡೆ ಅದನ್ನೂ ಸೇರಿಸಿದೆ: ಅಂಚೆ ಮಾಸ್ತರರು, ಶಾನುಭೋಗರು, ಒಬ್ಬರು ನರ್ಸು. ಬೆಲೆಯೇನೂ ಏರುವುದಿಲ್ಲ ಚಿಕ್ಕಮ್ಮ ಎಂದ. ಏರಲಿಲ್ಲ. ಸಂಜೆಯೊಳಗೆ ಅವುಗಳಲ್ಲಿ ಎರಡು ಹೋದವು. ನರ್ಸಿನದನ್ನು ಕೊಂಡ ಹುಡುಗಿ ಅಲ್ಲೇ ಇಂಕು ತುಂಬಿಸಿಕೊಂಡು ಹೋದಳು.